ಕಟ್ಟು ಹಾಕುವವರ ಪೈಲ್ವಾನರು

ಅವರನ್ನು ಹೊತ್ತ ನಾಲ್ವರಲ್ಲಿ ನಾನೂ ಒಬ್ಬ. ಹೆಗಲಿಗೆ ಭಾರವೇ ಹತ್ತಲಿಲ್ಲ. ನನ್ನ ಹಿಂದೆ ಹೆಗಲು ಕೊಟ್ಟಿದ್ದ ಸೈಕಲ್ ಶಾಪಿನವನು ಕಿವಿಯ ಹತ್ತಿರ ಬಗ್ಗಿ, "ಏನ್ ಸಾರ್ ಇದು, ಮೇಲೆ ಯಜಮಾನ್ರು ಇದಾರೆ ತಾನೆ?" ಎಂದ. ಸಾವಿನ ಮೆರವಣಿಗೆಯಲ್ಲಿ ನಗಬಾರದು, ಆದರೂ ನನಗೆ ನಗು ಬಂತು. ಆಮೇಲೆ ದಾರಿಯುದ್ದಕ್ಕೂ ಆ ನಗುವಿಗಾಗಿ ನನ್ನನ್ನೇ ಬೈದುಕೊಂಡೆ. ಮೂವತ್ತು ವರ್ಷ ಪೈಲ್ವಾನರ ಫೋಟೊ ಕೂಡಿಟ್ಟ ಮನುಷ್ಯ ಅವರು. ಸ್ವಂತ ಮೈಯಲ್ಲಿ ಹಿಡಿ ಮಾಂಸವೂ ಇರಲಿಲ್ಲ.

ಹೆಸರು ಹೇಳುವುದಿಲ್ಲ. ಹೇಳಿದರೆ ನೊಂದುಕೊಳ್ಳುವ ನೆಂಟರು ಯಾರೂ ಉಳಿದಿಲ್ಲ, ನಿಜ. ಆದರೆ ನಾನು ಹೇಳಹೊರಟಿರುವುದರಲ್ಲಿ ಅವರು ಮಾಡಿದ ಒಂದು ತಪ್ಪಿದೆ. ಅದರಲ್ಲಿ ಅರ್ಧ ಪಾಲು ನನ್ನದು. ನನ್ನ ಹೆಸರನ್ನು ಮುಚ್ಚಿಟ್ಟುಕೊಂಡು ಅವರದನ್ನು ಮಾತ್ರ ಬರೆಯುವುದು ಸರಿಯಲ್ಲ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಅವರದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಎರಡು ಬಾಗಿಲಾಚೆಯ ಸ್ಟುಡಿಯೋದ ಡಾರ್ಕ್ ರೂಮಿನಲ್ಲಿ ನನಗೆ ಕೆಲಸ. ಆಗ ಅಲ್ಲಿ ದಿನಕ್ಕೊಂದು ಹೊಸ ಮನೆ ಏಳುತ್ತಿತ್ತು. ಗೃಹಪ್ರವೇಶವೆಂದರೆ ಲಕ್ಷ್ಮಿಯೋ ವೆಂಕಟರಮಣನೋ ಕಟ್ಟು ಹಾಕಿಸಿಕೊಳ್ಳಲು ಅವರಲ್ಲಿಗೆ ಬರಲೇಬೇಕು. ಅವರಿಗೆ ಉಬ್ಬಸ. ಗಾಜು ಕೊಯ್ಯುವಾಗ ಉಸಿರು ಬಿಗಿ ಹಿಡಿದು ಗೆರೆ ಎಳೆಯುತ್ತಿದ್ದರು, ಎಳೆದು ಮುಗಿಸಿದ ಮೇಲೆ ಎರಡು ನಿಮಿಷ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದರು. ಮೈದಾ ಅಂಟಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ ಬೆರೆಸಿ ಬೆರೆಸಿ ಉಗುರೆಲ್ಲ ಹಸಿರುಗಟ್ಟಿತ್ತು. ನಾವೆಲ್ಲ ಅವರನ್ನು ಯಜಮಾನ್ರು ಎನ್ನುತ್ತಿದ್ದೆವು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲೇ ಅಡುಗೆ, ಅಲ್ಲೇ ನಿದ್ದೆ.

ಆ ಕೋಣೆಯ ನಾಲ್ಕು ಗೋಡೆಗಳ ಮೇಲೂ ಪೈಲ್ವಾನರು. ಎಲ್ಲರೂ ಹತ್ತೊಂಬತ್ತನೆಯ ಶತಮಾನದವರು. ಹಣೆಯ ಮೇಲೆ ಗಂಧ, ತಿರುವಿದ ಮೀಸೆ, ಸೊಂಟಕ್ಕೆ ಲಂಗೋಟಿ, ಕೆಲವರ ಕೈಯಲ್ಲಿ ಗದೆ. ಹಿಂದೆ ಬಣ್ಣದ ಪರದೆಯ ಮೇಲೆ ಬರೆದ ಕಂಬ, ಬಳ್ಳಿ, ದೊರೆಗಳ ಅರಮನೆಯ ಮೆಟ್ಟಿಲು. ಮೊದಲ ಸಲ ಒಳಗೆ ಹೋದಾಗ ನನಗೆ ಇರುಸುಮುರುಸಾಯಿತು. ಅಷ್ಟೊಂದು ಬರಿಮೈ ಗಂಡಸರು ಗುರಾಯಿಸುತ್ತ ನಿಂತಿದ್ದರೆ ಈ ಮನುಷ್ಯ ಅನ್ನ ಹೇಗೆ ತಿನ್ನುತ್ತಾರೆ ಎನ್ನಿಸಿತು.

"ಎದೆ ನೋಡ್ಬೇಡ, ಕಿವಿ ನೋಡು" ಎಂದು ಅಂದೇ ಪಾಠ ಶುರು ಮಾಡಿದರು. "ಎದೆ ಯಾರ್ ಬೇಕಾದ್ರೂ ಉಬ್ಬಿಸ್ತಾರೆ. ಗರಡಿ ಮಟ್ಟಿಯ ಮಣ್ಣಲ್ಲಿ ವರ್ಷಗಟ್ಟಲೆ ತಲೆ ಉಜ್ಜಿಸಿಕೊಂಡವನ ಕಿವಿ ಹಿಂಗೆ ಮುದುಡಿ ಹೋಗಿರ್ತದೆ. ಈ ಮೂಲೇಲಿ ಇದಾನಲ್ಲ, ಗದೆ ಹಿಡ್ಕೊಂಡು, ಅವನ ಕಿವಿ ನೋಡು."

ನೋಡಿದೆ. ಎಳೆ ವೀಳ್ಯದೆಲೆಯ ಹಾಗೆ ನಯವಾಗಿತ್ತು.

"ನಾಟಕದೋನು" ಎಂದರು. "ಭೀಮನ ಪಾರ್ಟು ಮಾಡ್ತಿದ್ದ ಅಂತ ಕಾಣ್ತದೆ. ಆದ್ರೂ ಇರ್ಲಿ ಅಂತ ಇಟ್ಕೊಂಡಿದೀನಿ, ಪಾಪ."

ಇನ್ನೊಂದು ಸಲ ಒಬ್ಬ ದೈತ್ಯನ ಕಾಲ ಹಿಂದೆ ಕಾಣುವ ಕಬ್ಬಿಣದ ಪಾದವನ್ನು ತೋರಿಸಿದರು. ಆ ಕಾಲದಲ್ಲಿ ಫೋಟೊ ತೆಗೆಯುವಷ್ಟು ಹೊತ್ತೂ ಅಲುಗಾಡುವಂತಿರಲಿಲ್ಲ. ಅದಕ್ಕೇ ಹಿಂದೆ ಒಂದು ಸ್ಟ್ಯಾಂಡಿಟ್ಟು, ಅದರ ಕವೆಯಲ್ಲಿ ಕತ್ತನ್ನು ಸಿಕ್ಕಿಸುತ್ತಿದ್ದರಂತೆ. "ಯಾರ ಕೈಗೂ ಕತ್ತು ಕೊಡದೋರು ಕಣಯ್ಯ ಇವ್ರು. ಫೋಟೊದೋನಿಗೆ ಕೊಟ್ರು" ಎಂದು ನಗಹೊರಟವರು ಕೆಮ್ಮತೊಡಗಿದರು. ಆ ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಫೋಟೊಗಳನ್ನು ಅವರು ದುಡ್ಡಿಗೆ ಕೊಂಡವರಲ್ಲ. ಅವರದೇ ಒಂದು ವಿನಿಮಯ ಪದ್ಧತಿಯಿತ್ತು. ಹಳೇ ಮನೆ ಬಿಟ್ಟು ಹೊಸ ಬಡಾವಣೆಗೆ ಬಂದವರಿಗೆ ಲಂಗೋಟಿಯ ಅಜ್ಜ ಒಂದು ಪೇಚಾಟ. ಅಂಥವರೊಬ್ಬರು ಒಂದು ದಿನ ಪೇಪರಿನಲ್ಲಿ ಸುತ್ತಿದ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಬಂದು, "ಯಜಮಾನ್ರೆ, ನಮ್ಮ ತಾತ. ಮನೆಯವಳು ಹಾಲ್‌ನಲ್ಲಿ ಬೇಡ ಅಂತಾಳೆ. ಸೋಫಾ ತಂದಿದೀವಿ, ನಾಲ್ಕ್ ಜನ ಬಂದು ಹೋಗ್ತಾರೆ" ಎಂದು ತಲೆ ತಗ್ಗಿಸಿ ನಿಂತರು. ಯಜಮಾನ್ರು ಗೋಡೆಗೆ ನೇತುಹಾಕಿದ್ದ ಹೊಸ ಲಕ್ಷ್ಮಿಯನ್ನು ಇಳಿಸಿ ಅವರ ಕೈಗೆ ಕೊಟ್ಟರು, ತಾತನನ್ನು ತಾವು ತೆಗೆದುಕೊಂಡರು. ತಾತನ ಹೆಸರು, ಊರು, ಯಾರ ಗರಡಿ ಎಂಬುದನ್ನು ಕೇಳಿ ಹಿಂಬದಿಯ ರಟ್ಟಿನ ಮೇಲೆ ಬರೆದುಕೊಂಡರು. ಆ ಮನುಷ್ಯನಿಗೆ ತಾತನ ಹೆಸರು ನೆನಪಾಗಲು ಐದು ನಿಮಿಷ ಬೇಕಾಯಿತು. ಅವರು ಹೋದ ಮೇಲೆ ಯಜಮಾನ್ರು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಇಷ್ಟು ಹುಚ್ಚು ಯಾಕೆ ಎಂದು ಒಮ್ಮೆ ಕೇಳಿದೆ. ಅಂದು ಕೆಲಸದ ನೆಪ ಹೇಳಿ ಕಳಿಸಿದರು. ಒಂದು ವಾರ ಬಿಟ್ಟು, ಕೇಳದೆಯೇ ಹೇಳಿದರು.

ಹುಡುಗುತನದಲ್ಲಿ ಅವರು ಪೇಟೆಯ ಒಂದು ಕಟ್ಟಿನಂಗಡಿಯಲ್ಲಿ ಕೆಲಸಕ್ಕಿದ್ದರು. ಹಳೆಯ ಸ್ಟುಡಿಯೋ ಒಂದು ಮುಚ್ಚಿದಾಗ ಅಲ್ಲಿದ್ದ ಗಾಜಿನ ನೆಗೆಟಿವ್‌ಗಳನ್ನು ಅಂಗಡಿಯವರು ಎತ್ತಿಕೊಂಡು ಬಂದರು. ಒಳ್ಳೆಯ ತೆಳು ಗಾಜು, ತೊಳೆದರೆ ದೇವರ ಪಟಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಸೋಡಾ ಹಾಕಿದ ಬಿಸಿನೀರಿನಲ್ಲಿ ಅವನ್ನು ತೊಳೆಯುವ ಕೆಲಸ ಇವರ ಪಾಲಿಗೆ ಬಂತು. "ಗಾಜಿನ ಮೇಲಿನ ಚಿತ್ರ ಹಾಲಿನ ಕೆನೆ ಜಾರೋ ಹಂಗೆ ಜಾರೋದು ಕಣಯ್ಯ" ಎಂದರು. "ಒಂದನ್ನ ಬೆಳಕಿಗೆ ಹಿಡಿದು ನೋಡ್ದೆ. ಒಬ್ಬ ಜಟ್ಟಿ ನಿಂತಿದ್ದ. ಕೈ ಎದೆ ಮೇಲೆ ಕಟ್ಕೊಂಡು. ನೋಡ್ತಾ ನೋಡ್ತಾ ಮೊದ್ಲು ಕಾಲು ಹೋಯ್ತು, ಆಮೇಲೆ ಹೊಟ್ಟೆ, ಮುಖ ಕೊನೇಗೆ. ಬಕೀಟಲ್ಲಿ ಬರೀ ಕಪ್ಪು ನೀರು. ಅವತ್ತು ಎಷ್ಟು ತೊಳೆದ್ನೋ. ಇಡೀ ಬೆಂಗಳೂರಿನ ಗರಡಿಗಳನ್ನ ಒಬ್ನೇ ತೊಳೆದು ಚರಂಡಿಗೆ ಬಿಟ್ಟೆ."

ಅವರ ಕಣ್ಣು ಒದ್ದೆಯಾಗಿತ್ತು. ನಾನು ಕಾಫಿ ತರಿಸಿದೆ.

ಭಾನುವಾರ ಅಂಗಡಿಗೆ ರಜ. ಅಂದು ಅವರು ನನ್ನನ್ನು ಕರೆದುಕೊಂಡು ನಗರದ ಬಾಯಿಗೆ ಬೀಳುತ್ತಿದ್ದ ಹಳ್ಳಿಗಳನ್ನು ಸುತ್ತುತ್ತಿದ್ದರು. ಮಲ್ಲತ್ತಹಳ್ಳಿ, ಕೆಂಗೇರಿ, ಅದರಾಚೆಗೂ. ಸಿಕ್ಕಿದ ಮುದುಕರನ್ನೆಲ್ಲ ನಿಲ್ಲಿಸಿ, "ನಿಮ್ಮೂರಲ್ಲಿ ಹಳೇ ಗರಡಿ ಇತ್ತಾ?" ಎಂದು ಕೇಳುವುದು. ಹಾಗೆ ಸಿಕ್ಕಿದ್ದು ನಾಯಂಡಹಳ್ಳಿಯ ಆ ಅಜ್ಜಿ.

ಮೈಸೂರು ರಸ್ತೆಯಿಂದ ಒಳಗೆ ಹೆಂಚಿನ ಮನೆ. ಅಜ್ಜಿಗೆ ಎಂಬತ್ತರ ಹತ್ತಿರ, ಎರಡೂ ಕಣ್ಣಿಗೆ ಪೊರೆ. ಅವಳಪ್ಪ ಆ ಸೀಮೆಗೆಲ್ಲ ಹೆಸರಾದ ಪೈಲ್ವಾನ. ಪ್ಲೇಗಿನ ವರ್ಷ ತೀರಿಕೊಂಡಾಗ ಅಜ್ಜಿ ಮೂರು ತಿಂಗಳ ಕೂಸು. ಅಪ್ಪನೆಂದು ಅವಳಿಗೆ ಇದ್ದದ್ದು ದಂಡಿನ, ಅಂದರೆ ಕಂಟೋನ್ಮೆಂಟಿನ, ಸ್ಟುಡಿಯೋದಲ್ಲಿ ತೆಗೆಸಿದ ಒಂದು ಫೋಟೊ, ಮತ್ತು ಮನೆಯ ಪಕ್ಕದಲ್ಲಿ ಅಪ್ಪ ಕಟ್ಟಿಸಿದ್ದ ಗರಡಿ. ಪಿತೃಪಕ್ಷದ ಅಮಾವಾಸ್ಯೆಗೆ ಆ ಫೋಟೊದ ಮುಂದೆ ಹೊಸ ಪಂಚೆ, ಬಾಡೂಟ, ಕಜ್ಜಾಯ ಎಲ್ಲ ಇಟ್ಟು, ಅದರಲ್ಲೊಂದು ಪಾಲನ್ನು ಎಲೆಯಲ್ಲಿ ಹೆಂಚಿನ ಮೇಲಿಟ್ಟು ಕಾಗೆ ಕರೆಯುವುದು. ಕಾಗೆ ಬಂದು ಮುಟ್ಟಿದರೆ ಅಪ್ಪ ಉಂಡ ಹಾಗೆ. ಆಮೇಲೆ ಮನೆಯವರ ಊಟ. ಇದು ಎಂದೂ ತಪ್ಪಿರಲಿಲ್ಲ.

ಫೋಟೊ ಕಂಡದ್ದೇ ಯಜಮಾನ್ರು ಅದರ ಹತ್ತಿರ ಹೋಗಿ ಬಗ್ಗಿ ನಿಂತರು. ಅವರು ಅಷ್ಟು ಸುತ್ತಿದ್ದರಲ್ಲಿ ಅಂಥದ್ದು ಸಿಕ್ಕಿರಲಿಲ್ಲ. ಕಿವಿ ಎರಡೂ ಮುದುಡಿದ್ದವು. ಮುಖದಲ್ಲಿ ಮಾತ್ರ ಎಳೆ ಹುಡುಗನ ನಾಚಿಕೆ. ಆದರೆ ವರ್ಷವರ್ಷವೂ ಕಟ್ಟನ್ನು ತೊಳೆದು ಕುಂಕುಮವಿಟ್ಟಿದ್ದರಿಂದ ನೀರು ಒಳಗಿಳಿದಿತ್ತು. ಹುಳ ಎಡಭುಜವನ್ನು ತಿಂದು ಬೊಟ್ಟಿನಗಲ ತೂತು ಮಾಡಿತ್ತು. ಆ ಜಾಗಕ್ಕೆ ಅಜ್ಜಿ ಗಾಜಿನ ಮೇಲೆ ಅರಿಶಿನ ಹಚ್ಚುತ್ತಿದ್ದಳು.

"ಗಾಯ ಕಣಪ್ಪ ಅದು" ಎಂದಳು ನಮಗೆ. "ವರ್ಷ ವರ್ಷಕ್ಕೂ ದೊಡ್ಡದಾಯ್ತಾ ಐತೆ. ಕಟ್ಟು ಬದಲಾಯಿಸಿ ಕೊಡ್ತೀಯಾ? ಪಕ್ಷದೊಳಗೆ ಬೇಕು."

ಯಜಮಾನ್ರು ಲಕ್ಷ್ಮಿಯ ಮಾತೆತ್ತಲಿಲ್ಲ. ಪೂಜೆಗಿಟ್ಟ ಫೋಟೊವನ್ನು ವಿನಿಮಯಕ್ಕೆ ಕೇಳುವುದು ಸಾಧ್ಯವೇ ಇರಲಿಲ್ಲ. ಕಟ್ಟನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರು. ಬಾಪೂಜಿ ನಗರ ದಾಟಿದ ಮೇಲೆ ನನ್ನ ಕಡೆ ತಿರುಗದೆ ಕೇಳಿದರು.

"ಇದರದ್ದು ಒಂದು ಕಾಪಿ ತೆಗೆದ್ರೆ, ಹಳೇದೋ ಹೊಸ್ದೋ ಗೊತ್ತಾಗದ ಹಂಗೆ ಬರ್ತದಾ?"

"ಬರ್ತದೆ" ಎಂದೆ.

"ಆ ಮನೇಲಿದ್ರೆ ಇನ್ನೆರಡು ವರ್ಷ ಕಣಯ್ಯ. ಹುಳ ಮುಖಕ್ಕೆ ಬರ್ತದೆ. ನನ್ ಹತ್ರ ಇದ್ರೆ ನೂರು ವರ್ಷ ಬಾಳ್ತಾನೆ. ಅಜ್ಜಿಗೆ ಪೂಜೆಗೆ ಒಂದು ಮುಖ ಬೇಕು ತಾನೆ?"

ಬೇಡ ಎನ್ನಬಹುದಿತ್ತು. ನಾನು ಅನ್ನಲಿಲ್ಲ. ಹೇಳಬೇಕೆಂದರೆ ನನಗೆ ಹುಮ್ಮಸ್ಸೇ ಬಂದಿತ್ತು, ನನ್ನ ಕೈಚಳಕ ತೋರಿಸಲು ಅಂಥ ಅವಕಾಶ ಮತ್ತೆಲ್ಲಿ ಸಿಗಬೇಕು. ಸ್ಟುಡಿಯೋದ ದೊಡ್ಡ ಕ್ಯಾಮೆರಾದಲ್ಲಿ ಕಾಪಿ ತೆಗೆದು, ಪ್ರಿಂಟು ಹಾಕಿ, ಕೊಳೆತ ಮೊಟ್ಟೆಯ ನಾತ ಬರುವ ದ್ರಾವಣದಲ್ಲಿ ಅದ್ದಿ ಕಂದು ಬಣ್ಣ ತರಿಸಿದೆ. ಹುಳ ತಿಂದ ತೂತನ್ನೂ ಹಾಗೇ ಬಿಡು ಎಂದು ಯಜಮಾನ್ರು ಹೇಳಿದ್ದರು. ನನಗೆ ಮನಸ್ಸು ತಡೆಯಲಿಲ್ಲ. ಪೆನ್ಸಿಲು, ಕುಂಚ ಹಿಡಿದು ಭುಜವನ್ನು ತುಂಬಿಬಿಟ್ಟೆ. ಹಳೆಯ ಮರದ ಕಟ್ಟಿನೊಳಗೇ ಅದನ್ನು ಕೂರಿಸಿ, ಹೊಸ ಗಾಜು ಹಾಕಿ, ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ಕೊಟ್ಟು ಬಂದೆವು.

ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಒಯ್ದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಭುಜದ್ ಗಾಯ ವಾಸಿ ಆಗೈತೆ" ಎಂದಳು. ನನ್ನ ಕಡೆ ತಿರುಗಿ, "ನಮ್ಮಪ್ಪನೇ ತಾನೆ, ಮಗ?" ಎಂದು ಕೇಳಿದಳು.

"ಹೌದಜ್ಜಿ" ಎಂದೆ. ನನ್ನ ಪಾಲಿನ ಸುಳ್ಳು ಅಷ್ಟೇ, ಎರಡು ಪದ.

ಹಬ್ಬದ ಮುಂದಿನ ಭಾನುವಾರ ನಾವು ಹೋದಾಗ ಅಜ್ಜಿ ಮೂಲೆ ಹಿಡಿದು ಕೂತಿದ್ದಳು. ಕಾಗೆ ಬಂದಿರಲಿಲ್ಲ. ಸಂಜೆವರೆಗೂ ಅಂಗಳದಲ್ಲಿ ನಿಂತು ಕರೆದಿದ್ದಳು. ಒಂದು ಬಂದು ಹೆಂಚಿನ ಮೇಲೆ ಕೂತು, ಎಲೆಯನ್ನು ನೋಡಿ, ಮುಟ್ಟದೆ ಹಾರಿಹೋಯಿತಂತೆ. ಅಂದು ಮನೆಯವರು ಕತ್ತಲಾದ ಮೇಲೆ ಹೇಗೋ ಉಂಡಿದ್ದರು. ಅಜ್ಜಿ ಉಂಡಿರಲಿಲ್ಲ.

"ನನ್ ಮೇಲೆ ಸಿಟ್ಟು ಅವ್ರಿಗೆ" ಎಂದಳು. "ಗರಡಿ ಜಾಗ ಗೋಡೌನಿಗೆ ಕೊಟ್ಟೆ. ಮಗ ಹೇಳ್ದ, ನಾನು ಹೆಬ್ಬೆಟ್ಟು ಒತ್ತಿದೆ. ಅವ್ರು ಮಣ್ಣು ಹೊತ್ತು ಮಾಡಿದ್ ಮಟ್ಟಿ ಮೇಲೆ ಕಬ್ಬಿಣ ಸುರೀತಾವ್ರೆ. ಹೆಂಗ್ ಉಂಡಾರು?"

ಪಕ್ಕದಲ್ಲಿ ಆ ಹೊತ್ತಿಗೂ ಲಾರಿಯಿಂದ ಪೈಪು ಇಳಿಸುತ್ತಿದ್ದರು. ಆ ಸದ್ದಿಗೆ ಯಾವ ಕಾಗೆ ತಾನೆ ನಿಂತೀತು ಎಂದು ನಾನು ಹೇಳಹೊರಟೆ. ಯಜಮಾನ್ರು ನನ್ನ ಮೊಣಕೈ ಹಿಡಿದು ತಡೆದರು. ಅವರಾದರೂ ಬಾಯಿ ಬಿಡುತ್ತಾರೆಂದು ಕಾದೆ. ಬಿಡಲಿಲ್ಲ. ಗೋಡೆಯ ಮೇಲಿದ್ದ ನನ್ನ ಕೈಕೆಲಸವನ್ನು ನೋಡುತ್ತ ಕೂತಿದ್ದು, "ಬರ್ತೀವಮ್ಮ" ಎಂದು ಎದ್ದರು.

ದಾರಿಯಲ್ಲಿ ನಾನು ಜಗಳವಾಡಿದೆ. "ನಾಳೆನೇ ತಂದು ಬದಲಾಯಿಸಿಬಿಡಿ ಸಾರ್" ಎಂದೆ. "ಬದಲಾಯಿಸ್ತೀನಿ, ಬದಲಾಯಿಸ್ತೀನಿ" ಎಂದರು. ಆ ಮೇಲಿನ ತಿಂಗಳುಗಳಲ್ಲಿ ಅಸಲಿ ಫೋಟೊ ಅವರ ಹಾಸಿಗೆಯ ಎದುರಿನ ಗೋಡೆಯಲ್ಲಿತ್ತು. ಹಿಂಬದಿಗೆ ಹೊಸ ರಟ್ಟು, ಅಂಚಿಗೆ ಹುಳ ಬಾರದಂಥ ಅಂಟು. ತಮ್ಮ ಬದುಕಿನಲ್ಲಿ ಅಷ್ಟು ಚೆಂದದ ಕಟ್ಟನ್ನು ಅವರು ಇನ್ನಾರಿಗೂ ಹಾಕಿರಲಿಲ್ಲ. ಅದನ್ನು ಬಿಟ್ಟುಕೊಡಲು ಅವರಿಗೆ ಆಗುತ್ತಿರಲಿಲ್ಲ. ಅದನ್ನು ನೋಡಿಕೊಂಡು ನಿದ್ದೆ ಮಾಡಲೂ ಆಗುತ್ತಿರಲಿಲ್ಲ.

ಮರುವರ್ಷ ಪಕ್ಷ ಹತ್ತಿರ ಬಂದಾಗ ಗಟ್ಟಿ ಮನಸ್ಸು ಮಾಡಿದರು. ಕಟ್ಟಿಗೆ ಪಾಲಿಶ್ ಹಾಕಿ ಕೊಡುತ್ತೇನೆಂದು ಹೇಳಿ ತರುವುದು, ಒಳಗೆ ಅಸಲಿಯನ್ನಿಟ್ಟು ಹಿಂದಿರುಗಿಸುವುದು, ಯಾರಿಗೂ ಗೊತ್ತಾಗದ ಹಾಗೆ ಎಲ್ಲ ಮೊದಲಿನಂತಾಗುವುದು. ನಾಯಂಡಹಳ್ಳಿಗೆ ಹೋಗಿ ಮಾತೆತ್ತಿದೆವು. ಅಜ್ಜಿ ಎರಡೂ ಕೈಯಿಂದ ಕಟ್ಟನ್ನು ಎದೆಗವಚಿಕೊಂಡಳು.

"ಬ್ಯಾಡ ಕಣಪ್ಪ. ಒಂದ್ಸಲ ಹೊಸಲು ದಾಟಿಸಿದ್ದಕ್ಕೇ ಮುನಿಸ್ಕೊಂಡು ಬಂದ್ರು. ಇನ್ ನಾನು ಆಚೆ ಕಳ್ಸಾಕಿಲ್ಲ."

ಕದ್ದು ಮಾಡಿದ್ದನ್ನು ಕದ್ದೇ ಸರಿಮಾಡುವ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಬಾಯಿ ಬಿಟ್ಟು ಹೇಳುವುದೊಂದೇ ಉಳಿದಿತ್ತು, ಅದಕ್ಕೆ ಅವರಲ್ಲಿ ಕಸುವಿರಲಿಲ್ಲ. ಆ ಅಮಾವಾಸ್ಯೆಯಲ್ಲೂ ಕಾಗೆ ಮುಟ್ಟಲಿಲ್ಲ. ಅಜ್ಜಿ ಬಾಡು ಬಿಟ್ಟಳು, ಒಪ್ಪೊತ್ತು ಹಿಡಿದಳು. ದಿನಾ ಬೆಳಿಗ್ಗೆ ಆ ಫೋಟೊದ ಮುಂದೆ ಕೂತು ತಪ್ಪಾಯಿತೆಂದು ಬೇಡುತ್ತಾಳೆ, ಒಂದೊಂದು ದಿನ ಅಳುತ್ತಾಳೆ ಎಂದು ಮಗ ನಮ್ಮೆದುರು ಬೇಸರಪಟ್ಟ. ನಾನು ಮಾಡಿದ ಪ್ರಿಂಟಿನ ಮುಂದೆ ಒಬ್ಬಳು ಮುದುಕಿ ದಿನಾ ಅಳುತ್ತಾಳೆಂದು ತಿಳಿದ ಮೇಲೆ ನನಗೆ ಡಾರ್ಕ್ ರೂಮಿನ ಕೆಲಸವೇ ಬೇಸರವಾಯಿತು. ಯಜಮಾನ್ರ ಉಬ್ಬಸ ಆ ಚಳಿಗಾಲದಲ್ಲಿ ಹೆಚ್ಚಾಗಿ, ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಬಂದರು.

ಮೂರನೆಯ ವರ್ಷ, ಹಬ್ಬಕ್ಕೆ ಒಂದು ವಾರವಿರುವಾಗ, ಬೆಳಿಗ್ಗೆ ನಾನು ಸ್ಟುಡಿಯೋ ಬಾಗಿಲು ತೆಗೆಯುತ್ತಿದ್ದಾಗ ಬಂದು ನಿಂತರು. ಕ್ಷೌರ ಮಾಡಿಸಿಕೊಂಡಿದ್ದರು, ಒಗೆದ ಪಂಚೆ ಉಟ್ಟಿದ್ದರು. ಕಂಕುಳಲ್ಲಿ ಟವೆಲು ಸುತ್ತಿದ ಕಟ್ಟು.

"ಬಾ" ಎಂದರು. "ಒಬ್ನೇ ಹೋದ್ರೆ ಅರ್ಧ ದಾರಿಯಿಂದ ವಾಪಸ್ ಬಂದ್ಬಿಡ್ತೀನಿ."

ಅಜ್ಜಿ ಆಗಲೇ ಬಹಳ ಸೊರಗಿದ್ದಳು. ಯಜಮಾನ್ರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಕಾಪಿ ತೆಗೆಸಿದ್ದು, ಅಸಲಿ ಇಟ್ಟುಕೊಂಡಿದ್ದು, ಪಾಲಿಶ್ ಎಂದು ಸುಳ್ಳು ಹೇಳಿದ್ದು. ನನ್ನ ಹೆಸರು ಎತ್ತಲಿಲ್ಲ. ನಾನೇ ಎತ್ತಿ, ಪ್ರಿಂಟು ಹಾಕಿದ್ದು ನಾನು ಎಂದೆ. ಬಾಗಿಲಲ್ಲಿ ನಿಂತಿದ್ದ ಮಗ ಕೈ ಮಾಡಲು ಮುಂದೆ ಬಂದ. ಅಜ್ಜಿ ಅವನನ್ನು ಸುಮ್ಮನಿರಿಸಿದಳು.

"ನಿಮ್ಮಪ್ಪ ಸಿಟ್ಟಾಗಿದ್ದು ನಿಮ್ಮೇಲಲ್ಲಮ್ಮ" ಎಂದರು ಯಜಮಾನ್ರು. "ಅವರು ಈ ಮನೇಲಿ ಇರಲೇ ಇಲ್ಲ. ಇಗೋ, ಇವ್ರು ನಿಮ್ಮಪ್ಪ."

ಅಜ್ಜಿ ಅಸಲಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಗಾಜಿನ ಮೇಲೆ ಕೈಯಾಡಿಸಿದಳು, ಕಣ್ಣಿಗೆ ಹತ್ತಿರ ತಂದು ನೋಡಿದಳು. ಗೋಡೆಯ ಮೇಲಿನದ್ದನ್ನೂ ಮಗನಿಂದ ಇಳಿಸಿ ಪಕ್ಕದಲ್ಲಿಟ್ಟುಕೊಂಡಳು.  ಆಮೇಲೆ ಅಸಲಿಯನ್ನು ಯಜಮಾನ್ರ ಕಡೆಗೆ ಸರಿಸಿದಳು.

"ಅವತ್ತು ಇವ್ರು ಅಂದ್ರಿ. ಇವತ್ತು ಅವ್ರು ಅಂತೀರಿ" ಎಂದಳು, ಪಕ್ಕದ ಕಾಪಿಯ ಮೇಲೆ ಕೈಯಿಟ್ಟು. ದನಿಯಲ್ಲಿ ಕೋಪವಿರಲಿಲ್ಲ. "ಎರಡು ವರ್ಷ ನಾನು ಅತ್ತಿದ್ದು ಇವ್ರ ಮುಂದೆ. ತಪ್ಪಾಯ್ತು ಅಂತ ಬೇಡ್ಕೊಂಡಿದ್ದು ಇವ್ರನ್ನ. ಇವ್ರು ನಮ್ಮಪ್ಪ ಅಲ್ಲ ಅಂದ್ರೆ ನಾನು ಬೇಡ್ಕೊಂಡಿದ್ದು ಯಾರಿಗ್ ಹೋಯ್ತು? ಮತ್ತೆ ಮೊದಲಿಂದ ಅಳಾಕೆ ನನ್ ಕೈಲಾಗಾಕಿಲ್ಲ ಮಗ. ಅವ್ರನ್ನ ನೀನೇ ಮಡಿಕ್ಕೊ."

ಯಜಮಾನ್ರು ಕೈ ಮುಗಿದರು, ಅತ್ತರು. ಇಟ್ಟು ಹೋಗುತ್ತೇನೆಂದು ಹಟ ಹಿಡಿದರು. ಕೊನೆಗೆ ಮಗನೇ ಆ ಕಟ್ಟನ್ನೆತ್ತಿ ಅವರ ಕಂಕುಳಿಗೆ ತುರುಕಿ ನಮ್ಮನ್ನು ಹೊರಗೆ ಕಳಿಸಿದ.

ಆ ಅಮಾವಾಸ್ಯೆಯ ಮಾರನೆಯ ದಿನ ಅದೇ ಮಗ ಅಂಗಡಿಗೆ ಬಂದ. ಹೊಡೆಯಲು ಬಂದನೇನೋ ಎಂದು ನಾನು ಸ್ಟುಡಿಯೋದಿಂದ ಓಡಿಹೋದೆ. ಅವನ ಕೈಯಲ್ಲಿ ಬಾಳೆಲೆಯ ಪೊಟ್ಟಣವಿತ್ತು, ಮುಖ ಹಗುರವಾಗಿತ್ತು.

"ಕಾಗೆ ಮುಟ್ತು ಯಜಮಾನ್ರೆ" ಎಂದ. "ಎಲೆ ಇಟ್ಟು ಕೆಳಗೆ ಇಳಿಯಕ್ಕಿಲ್ಲ, ನಾಕೈದು ಬಂದ್ವು. ಅವ್ವ ಈ ವರ್ಷ ಎರಡು ತುತ್ತು ಬಾಡು ತಿಂದ್ಳು. ನಿಮಗೆ ಕಜ್ಜಾಯ ಕೊಟ್ಟು ಬಾ ಅಂದ್ಳು."

ಆ ದಿನ ಗೋಡೌನಿಗೆ ರಜವಿತ್ತೋ ಏನೋ, ನಾನು ಕೇಳಲಿಲ್ಲ. ಅವನು ಹೋದ ಮೇಲೆ ಯಜಮಾನ್ರು ಪೊಟ್ಟಣ ಹಿಡಿದು ಹಿಂದಿನ ಕೋಣೆಗೆ ಹೋದರು. ನಾನೂ ಹೋದೆ. ಹಾಸಿಗೆಯ ಮೇಲೆ ಕೂತು ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ನಾನು ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು, "ಸದ್ಯ, ಅಜ್ಜಿ ಗೆದ್ಲು ಸಾರ್" ಎಂದೆ.

"ಹೂಂ" ಎಂದರು. ಗೋಡೆಗೆ ಮತ್ತೆ ನೇತುಹಾಕಿದ್ದ ಅಸಲಿಯ ಕಡೆ ಕೈ ತೋರಿಸಿದರು. 

"ಅವಳಪ್ಪ ಅಲ್ಲಿ ಉಂಡ. ಹಾಗಾದ್ರೆ ಇವನು ಯಾರಯ್ಯ?"

 ಅವರು ಎದ್ದು ಅದೊಂದು ಫೋಟೊವನ್ನು ಇಳಿಸಿ, ಹಿಂಬದಿಯ ರಟ್ಟಿನ ಮೇಲೆ ತಾವೇ ಬರೆದಿದ್ದ ಹೆಸರು, ಊರು, ಗರಡಿಯ ವಿವರವನ್ನೆಲ್ಲ ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ಅಳಿಸಿದರು.